ಪಾಠಶಾಲೆಯಿಂದ ಪತ್ರಿಕೆಗೆ: ಲೋಕಮಾನ್ಯ ತಿಲಕರ ಪೂರ್ವ ಜೀವನ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಸೀಮೆಗಳ ಕನ್ನಡಿಗರಾದ ನಮಗೆ ಲೋಕಮಾನ್ಯ ಬಾಳ ಗಂಗಾಧರ ತಿಲಕರು ಹೊರಗಿನವರಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಎಂಬುದು ನಮ್ಮ ಬಾಳುವೆಯ ರೀತಿ. ಗಣೇಶ ಚೌತಿಯ ಮಂಟಪಗಳಲ್ಲಿಯೂ ಶಾಲೆಯ ಗೋಡೆಗಳ ಮೇಲೆಯೂ ಆ ಪಗಡಿಯ, ದಟ್ಟ ಮೀಸೆಯ ಗಂಭೀರ ಮುಖವನ್ನು ನಾವು ಬಾಲ್ಯದಿಂದಲೂ ನೋಡುತ್ತ ಬೆಳೆದಿದ್ದೇವೆ. ಆದರೆ ಭಾವಚಿತ್ರದಲ್ಲಿ ಕಾಣುವವರು ರಾಷ್ಟ್ರನಾಯಕರಾದ ತಿಲಕರು. ಅದಕ್ಕೂ ಮುಂಚೆ ಹತ್ತು ವರ್ಷಗಳ ಕಾಲ ಕರಿಹಲಗೆಯ ಮುಂದೆ ನಿಂತು ಹುಡುಗರಿಗೆ ಗಣಿತವನ್ನು ಕಲಿಸಿದ ಮತ್ತೊಬ್ಬ ತಿಲಕರಿದ್ದರು. ಅವರ ಪರಿಚಯ ನಮ್ಮಲ್ಲಿ ಅಷ್ಟಾಗಿ ಇಲ್ಲ. ಉಪಾಧ್ಯಾಯನಾದವನು ಪತ್ರಿಕಾಕರ್ತನಾದುದೇಕೆ, ಪತ್ರಿಕಾಕರ್ತನು ರಾಜಕಾರಣಿಯಾದುದು ಹೇಗೆ, ಆ ದಾರಿಯಲ್ಲಿ ಅವರು ತೆತ್ತ ಬೆಲೆಯೇನು ಎಂಬುದನ್ನು ನಮ್ಮ ಸಂಘದ ಈ ವಾರ್ಷಿಕ ಸಂಚಿಕೆಯ ವಾಚಕರ ಮುಂದೆ ಸಂಕ್ಷೇಪವಾಗಿ ಇಡುವುದು ಈ ಲೇಖನದ ಉದ್ದೇಶ.

ತಿಲಕರು ೧೮೫೬ನೆಯ ಇಸವಿಯ ಜುಲೈ ೨೩ರಂದು ಕೊಂಕಣದ ರತ್ನಾಗಿರಿಯಲ್ಲಿ ಜನಿಸಿದರು. ಕೇಶವ ಎಂಬುದು ಇಟ್ಟ ಹೆಸರು, ಬಾಳ ಎಂಬುದು ಕರೆದ ಹೆಸರು. ಕರೆದ ಹೆಸರೇ ಲೋಕದಲ್ಲಿ ನಿಂತಿತು. ತಂದೆ ಗಂಗಾಧರ ರಾಮಚಂದ್ರ ತಿಲಕರು ಶಾಲಾ ಶಿಕ್ಷಕರು. ಸಂಸ್ಕೃತದಲ್ಲಿಯೂ ಗಣಿತದಲ್ಲಿಯೂ ಪರಿಶ್ರಮವುಳ್ಳವರು. ಮರಾಠಿಯಲ್ಲಿ ವ್ಯಾಕರಣದ ಹಾಗೂ ತ್ರಿಕೋಣಮಿತಿಯ ಪಠ್ಯಗಳನ್ನು ರಚಿಸಿದವರು. ಕಂಠಪಾಠ ಮಾಡಿದ ಒಂದೊಂದು ಶ್ಲೋಕಕ್ಕೆ ಒಂದೊಂದು ಪೈ ಕೊಟ್ಟು ಮಗನಿಗೆ ಸಂಸ್ಕೃತದ ರುಚಿ ಹತ್ತಿಸಿದರೆಂದು ಚರಿತ್ರಕಾರರು ಹೇಳುತ್ತಾರೆ. ಹೀಗೆ ಬಾಲಕನಿಗೆ ಮನೆಯೇ ಮೊದಲ ಪಾಠಶಾಲೆಯಾಯಿತು. ತಂದೆಯೇ ಮೊದಲ ಗುರುವಾದರು.

೧೮೬೬ರಲ್ಲಿ ತಂದೆಗೆ ಪುಣೆಗೆ ವರ್ಗವಾಯಿತು. ಬಾಳನಿಗೆ ಆಗ ಹತ್ತು ವರ್ಷ. ಪುಣೆಗೆ ಬಂದ ಸ್ವಲ್ಪ ಕಾಲದಲ್ಲಿಯೇ ತಾಯಿ ಪಾರ್ವತಿಬಾಯಿ ತೀರಿಕೊಂಡರು. ಆ ಕಾಲದ ವಾಡಿಕೆಯಂತೆ ೧೮೭೧ರಲ್ಲಿ ವಿವಾಹವಾಯಿತು. ಮರುವರ್ಷವೇ ತಂದೆಯೂ ಗತಿಸಿದರು. ಹದಿನಾರನೆಯ ವಯಸ್ಸಿಗೆ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡ ತರುಣನನ್ನು ಚಿಕ್ಕಪ್ಪ ಚಿಕ್ಕಮ್ಮಂದಿರು ನೋಡಿಕೊಂಡರು. ಅದೇ ೧೮೭೨ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆ ಮುಗಿಯಿತು. ತಂದೆ ಬಿಟ್ಟುಹೋದ ಅಲ್ಪಸ್ವಲ್ಪ ಉಳಿತಾಯದ ಬಲದಿಂದ ಮರುವರ್ಷ ಅವರು ಡೆಕ್ಕನ್ ಕಾಲೇಜನ್ನು ಸೇರಿದರು.

ಕಾಲೇಜಿನ ಮೊದಲ ವರ್ಷ ತಿಲಕರು ಪುಸ್ತಕಕ್ಕಿಂತ ಗರಡಿಯನ್ನು ಹೆಚ್ಚು ಹಚ್ಚಿಕೊಂಡರು. ಹುಟ್ಟಿನಿಂದ ದೇಹ ಕೃಶವಾಗಿತ್ತು. ಮುಂದೆ ಮಾಡಬೇಕಾದ ಕಾರ್ಯಕ್ಕೆ ಈ ಶರೀರ ಸಾಲದೆಂದು ಕಂಡು, ಒಂದು ವರ್ಷವನ್ನು ಕುಸ್ತಿಗೂ ಈಜಿಗೂ ಮೀಸಲಾಗಿಟ್ಟರು. ಆ ವರ್ಷದ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ; ಆದರೆ ಗಟ್ಟಿಮುಟ್ಟಾದ ದೇಹವನ್ನು ಸಂಪಾದಿಸಿದರು. ಮುಂದೆ ಮೂರು ಬಾರಿ ಸೆರೆಮನೆಯ ಕಷ್ಟವನ್ನು ಸಹಿಸಿದ ದೇಹವದು. ಪರೀಕ್ಷೆಯ ಅಂಕಗಳಲ್ಲಿಯೇ ಮಕ್ಕಳ ಬಾಳನ್ನು ಅಳೆಯುವ ನಾವು, ಉಪಾಧ್ಯಾಯರೂ ಪಾಲಕರೂ, ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು.

ಡೆಕ್ಕನ್ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಕೇರೋ ಲಕ್ಷ್ಮಣ ಛತ್ರೆಯವರು ಖಗೋಲ ಶಾಸ್ತ್ರದಲ್ಲಿ ಹೆಸರಾದ ವಿದ್ವಾಂಸರು. ತಿಲಕರು ಅವರ ಮೆಚ್ಚಿನ ಶಿಷ್ಯರಾದರು. ೧೮೯೩ರಲ್ಲಿ ನಕ್ಷತ್ರಗಳ ಗತಿಯನ್ನು ಆಧರಿಸಿ ವೇದಗಳ ಕಾಲವನ್ನು ನಿರ್ಣಯಿಸಲು ತಿಲಕರು ಓರಾಯನ್ ಎಂಬ ಗ್ರಂಥವನ್ನು ಪ್ರಕಟಿಸಿದರಷ್ಟೆ. ಅದರ ಬೀಜ ಛತ್ರೆಯವರ ಪಾಠದಲ್ಲಿದ್ದಿತು. ೧೮೭೭ರಲ್ಲಿ ಗಣಿತ ವಿಷಯದಲ್ಲಿ ಪ್ರಥಮ ವರ್ಗದೊಡನೆ ಬಿ.ಎ. ಪದವಿಯೂ, ೧೮೭೯ರಲ್ಲಿ ಎಲ್ಎಲ್.ಬಿ. ಪದವಿಯೂ ಲಭಿಸಿದವು. ವಕೀಲಿ ಮಾಡಿದ್ದರೆ ಹಣ ಬರುತ್ತಿತ್ತು, ಸರಕಾರಿ ನೌಕರಿ ಹಿಡಿದಿದ್ದರೆ ಅಧಿಕಾರ ದೊರೆಯುತ್ತಿತ್ತು. ತಿಲಕರು ಎರಡನ್ನೂ ಬಯಸಲಿಲ್ಲ.

ಬಯಸದಿದ್ದುದಕ್ಕೆ ಕಾರಣ ಒಂದು ಸ್ನೇಹ. ಕಾಲೇಜಿನ ವಸತಿಗೃಹದಲ್ಲಿ ಗೋಪಾಳ ಗಣೇಶ ಆಗರಕರ ಎಂಬ ತರುಣನ ಪರಿಚಯವಾಯಿತು. ಕರ್‍ಹಾಡದ ಸಮೀಪದ ಟೆಂಭು ಗ್ರಾಮದವರು, ತಿಲಕರದೇ ವಯಸ್ಸು. ಕಡು ಬಡತನದಲ್ಲಿ ಓದಿದವರು. ಇದ್ದ ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಿಗ್ಗೆ ತೊಡುತ್ತಿದ್ದರೆಂಬುದು ಮಹಾರಾಷ್ಟ್ರದಲ್ಲೆಲ್ಲ ಪ್ರಸಿದ್ಧ. ದೇಶವು ಪರಾಧೀನವಾಗಿರಲು ಮೂಲ ಕಾರಣ ಅಜ್ಞಾನ. ಅಜ್ಞಾನವನ್ನು ಕಳೆಯಲು ತಕ್ಕ ಸಾಧನ ಶಿಕ್ಷಣ. ಅದು ಸರಕಾರದ ಕೈಯಲ್ಲಿರದೆ ದೇಶೀಯರ ಕೈಯಲ್ಲಿರಬೇಕು. ಈ ಮೂರು ಮಾತುಗಳಲ್ಲಿ ಇಬ್ಬರಿಗೂ ಒಮ್ಮತವಿತ್ತು. ಸರಕಾರಿ ನೌಕರಿಯನ್ನು ಸೇರದೆ ಸ್ವಂತ ಶಾಲೆಯನ್ನು ಸ್ಥಾಪಿಸಿ ಬಾಳನ್ನು ಅದಕ್ಕೇ ಮುಡಿಪಾಗಿಡಬೇಕೆಂದು ಅವರು ನಿಶ್ಚಯಿಸಿದರು.

ಇದೇ ಸಮಯಕ್ಕೆ ವಿಷ್ಣುಶಾಸ್ತ್ರೀ ಚಿಪಳೂಣಕರರು ಸರಕಾರಿ ಶಾಲೆಯ ಕೆಲಸವನ್ನು ಬಿಟ್ಟು ಪುಣೆಗೆ ಬಂದರು. ೧೮೭೪ರಿಂದ ನಿಬಂಧಮಾಲಾ ಎಂಬ ಮಾಸಪತ್ರಿಕೆಯ ಮೂಲಕ ಮರಾಠಿ ಗದ್ಯಕ್ಕೆ ಹೊಸ ತೇಜಸ್ಸನ್ನು ತಂದವರು ಅವರು. ಮಹಾದೇವ ಬಲ್ಲಾಳ ನಾಮಜೋಶಿ ಎಂಬ ಉದ್ಯೋಗಶೀಲರೂ ಕೂಡಿಕೊಂಡರು. ೧೮೮೦ನೆಯ ಇಸವಿಯ ಜನವರಿ ೧ರಂದು ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು ಆರಂಭವಾಯಿತು. ಸಂಸ್ಕೃತ ಕೋಶಕಾರರೆಂದು ಮುಂದೆ ಹೆಸರಾದ ವಾಮನ ಶಿವರಾಮ ಆಪಟೆಯವರೂ, ಎಂ.ಎ. ಪರೀಕ್ಷೆ ಮುಗಿಸಿದ ಮೇಲೆ ಆಗರಕರರೂ ಅಲ್ಲಿಗೆ ಬಂದು ಸೇರಿದರು. ಶಿಕ್ಷಕರು ಬಹು ಅಲ್ಪ ವೇತನಕ್ಕೆ ದುಡಿದರು. ಎರಡು ವರ್ಷಗಳಲ್ಲಿಯೇ ಶಾಲೆಯ ಕೀರ್ತಿ ಹಬ್ಬಿತು. ೧೮೮೨ರಲ್ಲಿ ಶಿಕ್ಷಣ ಆಯೋಗದ ಅಧ್ಯಕ್ಷರಾದ ಹಂಟರ್ ಸಾಹೇಬರು ಶಾಲೆಯನ್ನು ಕಂಡು ಮುಕ್ತಕಂಠದಿಂದ ಪ್ರಶಂಸಿಸಿದರು.

ತರಗತಿಯಲ್ಲಿ ತಿಲಕರು ಕಠಿಣ ಲೆಕ್ಕಗಳನ್ನು ಬಾಯಿಂದಲೇ ಬಿಡಿಸುತ್ತಿದ್ದರು, ಕರಿಹಲಗೆಯ ಮೇಲೆ ಬರೆಯುವುದು ಕಡಿಮೆ. ಜಾಣ ಹುಡುಗರಿಗೆ ಅದು ಹಬ್ಬ, ಹಿಂದುಳಿದವರಿಗೆ ತುಸು ಕಷ್ಟ. ಆದರೆ ಶಿಷ್ಯನು ತಾನೇ ಯೋಚಿಸಬೇಕು ಎಂಬ ಹಟ ಅವರದು. ಈ ಹಟವೇ ಮುಂದೆ ಅವರ ಪತ್ರಿಕೆಯ ಗುಣವೂ ಆಯಿತು.

ಶಾಲೆ ತೆರೆದ ವರ್ಷದೊಳಗಾಗಿ ಈ ಉಪಾಧ್ಯಾಯರಿಗೆ ಒಂದು ಸಂಗತಿ ಮನದಟ್ಟಾಯಿತು. ಶಾಲೆಯ ಗೋಡೆಗಳ ಒಳಗೆ ಕೂಡುವವರು ಕೆಲವು ನೂರು ಮಕ್ಕಳು ಮಾತ್ರ. ಹೊರಗಿರುವ ಲಕ್ಷಾಂತರ ಪ್ರೌಢರಿಗೆ ಕಲಿಸುವವರು ಯಾರು? ಅದಕ್ಕೆ ಉತ್ತರವೆಂಬಂತೆ ಆರ್ಯಭೂಷಣ ಮುದ್ರಣಾಲಯ ಸಿದ್ಧವಾಯಿತು. ೧೮೮೧ರ ಜನವರಿ ೨ರಂದು ಇಂಗ್ಲಿಷಿನಲ್ಲಿ ಮರಾಠಾ, ಜನವರಿ ೪ರಂದು ಮರಾಠಿಯಲ್ಲಿ ಕೇಸರಿ ಎಂಬ ಎರಡು ವಾರಪತ್ರಿಕೆಗಳು ಹೊರಟವು. ಕೇಸರಿಗೆ ಆಗರಕರರು, ಮರಾಠಾ ಪತ್ರಿಕೆಗೆ ತಿಲಕರು ಸಂಪಾದಕರು. ಇಂಗ್ಲಿಷ್ ಪತ್ರಿಕೆ ಆಳುವವರ ಕಿವಿಗೆ, ದೇಶಭಾಷೆಯ ಪತ್ರಿಕೆ ಆಳಿಸಿಕೊಳ್ಳುವವರ ಕಿವಿಗೆ ಎಂಬ ವಿಭಾಗವಿದು. ಇವೆರಡರಲ್ಲಿ ನಾಡನ್ನು ಎಚ್ಚರಿಸಿದ್ದು ಯಾವುದೆಂಬುದನ್ನು ಕಾಲವೇ ತೋರಿಸಿತು. ಸರಕಾರಕ್ಕೆ ಮುಂದೆ ಭಯ ಹುಟ್ಟಿಸಿದ್ದು ಮರಾಠಿಯ ಕೇಸರಿ. ಹಳ್ಳಿಯ ಚಾವಡಿಯಲ್ಲಿ ಓದುಬಲ್ಲ ಒಬ್ಬನು ಓದಿದರೆ ಓದುಬಾರದ ಹತ್ತು ಜನ ಕೇಳುತ್ತಿದ್ದರು.

ಪತ್ರಿಕೆಗೆ ಒಂದೂವರೆ ವರ್ಷ ತುಂಬುವಷ್ಟರಲ್ಲಿ ಕಠಿಣ ಪರೀಕ್ಷೆ ಬಂದೊದಗಿತು. ಕೊಲ್ಹಾಪುರದ ತರುಣ ಮಹಾರಾಜ ಶಿವಾಜಿಯವರಿಗೆ ಚಿತ್ತಭ್ರಮೆಯೆಂದು ಹೇಳಿ ಅವರನ್ನು ಹಿಂಸೆಗೆ ಗುರಿಪಡಿಸಲಾಗುತ್ತಿದೆಯೆಂದು ಪತ್ರಿಕೆಗಳು ಬರೆದವು. ದಿವಾಣ ಮಾಧವರಾವ ಬರ್ವೆಯವರ ಮೇಲೆ ಆರೋಪ ಹೊರಿಸುವ ಕೆಲವು ಪತ್ರಗಳೂ ಅಚ್ಚಾದವು. ಬರ್ವೆಯವರು ಮಾನಹಾನಿಯ ಖಟ್ಲೆ ಹೂಡಿದರು. ಆ ಪತ್ರಗಳು ಖೊಟ್ಟಿಯೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಸಂಪಾದಕರಿಬ್ಬರೂ ಕ್ಷಮೆ ಯಾಚಿಸಿದರು. ಆದರೂ ೧೮೮೨ರ ಜುಲೈ ತಿಂಗಳಲ್ಲಿ ನಾಲ್ಕು ತಿಂಗಳ ಸಜೆಯಾಯಿತು. ಖಟ್ಲೆಯ ಕಾಲದಲ್ಲಿ ಅವರಿಗೆ ಜಾಮೀನು ನಿಂತವರು ಜೋತಿಬಾ ಫುಲೆಯವರ ಬಳಗದ ರಾಮಶೇಟ ಉರವಣೆ ಎಂಬ ವ್ಯಾಪಾರಿಗಳು. ಮತಭೇದಗಳೇನೇ ಇದ್ದರೂ ಕಷ್ಟಕಾಲದಲ್ಲಿ ಕೈ ನೀಡಿದ ಈ ಔದಾರ್ಯವನ್ನು ಮರೆಯಲಾಗದು.

ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ ತಿಲಕರೂ ಆಗರಕರರೂ ೧೦೧ ದಿನಗಳನ್ನು ಕಳೆದು, ಅಕ್ಟೋಬರ ೨೬ರಂದು ಬಿಡುಗಡೆ ಹೊಂದಿದರು. ಆ ದಿನಗಳ ವೃತ್ತಾಂತವನ್ನು ಆಗರಕರರು ಒಂದು ಪುಸ್ತಕವಾಗಿ ಬರೆದರು. ಒಂದೇ ಕೋಣೆಯಲ್ಲಿದ್ದ ಇಬ್ಬರು ಮಿತ್ರರು ದೇಶದ ಭವಿಷ್ಯದ ಬಗೆಗೆ ರಾತ್ರಿಯೆಲ್ಲ ಚರ್ಚಿಸುತ್ತಿದ್ದರು. ಹೊರಗೆ ಬಂದಾಗ ಜನ ಅವರನ್ನು ವೀರರಂತೆ ಸ್ವಾಗತಿಸಿದರು. ಪತ್ರಗಳ ವಿಷಯದಲ್ಲಿ ಅವರು ಮೋಸಹೋದುದು ನಿಜ. ಪರಿಶೀಲಿಸದೆ ಅಚ್ಚು ಹಾಕಿದ್ದು ತಪ್ಪು. ಆದರೆ ಒಂದು ದುರ್ಬಲ ಜೀವದ ಪರವಾಗಿ ಸೆರೆಮನೆಗೆ ಹೋಗಲು ಹಿಂಜರಿಯದ ಶಿಕ್ಷಕರು ಇವರೆಂದು ಜನ ಬಗೆದರು. ಆ ತರುಣ ಮಹಾರಾಜರು ಮರುವರ್ಷದ ಡಿಸೆಂಬರಿನಲ್ಲಿ ಅಹಮದನಗರದಲ್ಲಿ ತಮ್ಮ ಗೋರಾ ಕಾವಲುಗಾರನೊಡನೆ ನಡೆದ ಕೈಕೈ ಮಿಲಾವಣೆಯಲ್ಲಿ ಮಡಿದರು.

ಇತ್ತ ೧೮೮೨ರ ಮಾರ್ಚಿಯಲ್ಲಿಯೇ ಚಿಪಳೂಣಕರರು ಅಕಾಲ ಮರಣಕ್ಕೆ ತುತ್ತಾಗಿದ್ದರು. ಉಳಿದವರು ಎದೆಗುಂದದೆ ೧೮೮೪ರ ಅಕ್ಟೋಬರ ೨೪ರಂದು ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯನ್ನೂ, ೧೮೮೫ರ ಜನವರಿ ೨ರಂದು ಫರ್ಗ್ಯುಸನ್ ಕಾಲೇಜನ್ನೂ ಸ್ಥಾಪಿಸಿದರು. ಆಪಟೆಯವರು ಮೊದಲ ಪ್ರಿನ್ಸಿಪಾಲರು. ತಿಲಕರು ಗಣಿತದ ಪ್ರಾಧ್ಯಾಪಕರು, ಕೆಲವೊಮ್ಮೆ ಸಂಸ್ಕೃತವನ್ನೂ ಬೋಧಿಸುತ್ತಿದ್ದರು. ಆಜೀವ ಸದಸ್ಯರಾದವರು ಇಪ್ಪತ್ತು ವರ್ಷ ಸಂಸ್ಥೆಗೆ ದುಡಿಯಬೇಕು, ತಿಂಗಳಿಗೆ ೭೫ ರೂಪಾಯಿ ವೇತನದಲ್ಲಿ ತೃಪ್ತರಾಗಬೇಕು ಎಂಬುದು ನಿಯಮ. ಆಗ ಸೇರಿದ ತರುಣ ಶಿಕ್ಷಕರಲ್ಲಿ ಗೋಪಾಲಕೃಷ್ಣ ಗೋಖಲೆಯವರೂ ಒಬ್ಬರು. ಇಷ್ಟು ಪ್ರತಿಭೆ ಒಂದೇ ಸೂರಿನ ಕೆಳಗೆ ಕೂಡುವುದು ಅಪರೂಪ. ಅದು ಬಹುಕಾಲ ಕೂಡಿ ಉಳಿಯುವುದು ಇನ್ನೂ ಅಪರೂಪ.

ಬಿರುಕು ಮೊದಲು ಪತ್ರಿಕೆಯಲ್ಲಿ ಕಾಣಿಸಿತು. ಬಾಲ್ಯವಿವಾಹ, ವಿಧವೆಯರ ದುಃಸ್ಥಿತಿ, ಕುರುಡು ರೂಢಿಗಳು ಇವನ್ನು ಮೊದಲು ತೊಡೆಯಬೇಕು, ಬೇಕಿದ್ದರೆ ಕಾಯದೆಯ ನೆರವನ್ನೂ ಪಡೆಯಬೇಕು ಎಂಬುದು ಆಗರಕರರ ಮತ. ಪರಕೀಯ ಸರಕಾರದ ಕೈಗೆ ನಮ್ಮ ಮನೆಯ ಕೀಲಿಕೈ ಕೊಡಬಾರದು, ಮೊದಲು ರಾಜಕೀಯ ಹಕ್ಕು ಬರಲಿ, ಜನರನ್ನು ಜೊತೆಗೆ ಕರೆದೊಯ್ಯದ ಸುಧಾರಣೆ ನಿಲ್ಲದು ಎಂಬುದು ತಿಲಕರ ಮತ. ೧೮೮೭ರ ಅಕ್ಟೋಬರಿನಲ್ಲಿ ಆಗರಕರರು ಕೇಸರಿಯನ್ನು ಬಿಟ್ಟರು. ತಿಲಕರು ಅದರ ಸಂಪಾದಕರಾದರು. ಮರುವರ್ಷ ಆಗರಕರರು ಗೋಖಲೆಯವರ ಸಹಾಯದಿಂದ ಸುಧಾರಕ ಎಂಬ ಪತ್ರಿಕೆಯನ್ನು ಆರಂಭಿಸಿದರು. ಡೋಂಗರಿಯಲ್ಲಿ ಒಂದೇ ಕೋಣೆಯನ್ನು ಹಂಚಿಕೊಂಡವರು ಈಗ ಎದುರುಬದುರು ಪತ್ರಿಕೆಗಳಲ್ಲಿ ನಿಂತು ವಾದಿಸತೊಡಗಿದರು.

ಎರಡನೆಯ ಬಿರುಕು ಸಂಸ್ಥೆಯಲ್ಲಿ. ಆಜೀವ ಸದಸ್ಯನು ಹೊರಗಿನ ಗಳಿಕೆಗೆ ಕೈಹಾಕಬಾರದು, ಗಳಿಸಿದರೆ ಸಂಸ್ಥೆಗೆ ಒಪ್ಪಿಸಬೇಕು, ತನ್ನ ಪೂರ್ಣ ವೇಳೆಯನ್ನು ಅದಕ್ಕೇ ಕೊಡಬೇಕು ಎಂದು ತಿಲಕರು ಪಟ್ಟುಹಿಡಿದರು. ಸಂಸಾರ ಬೆಳೆಯುತ್ತಿರುವ ಬಡ ಶಿಕ್ಷಕರಿಗೆ ಇಷ್ಟು ಬಿಗಿ ಸಲ್ಲದೆಂದು ಆಗರಕರರೇ ಮೊದಲಾದವರು ಭಾವಿಸಿದರು. ತಿಲಕರ ವಾದ ಉದಾತ್ತವಾಗಿತ್ತು. ಆಗರಕರರ ಕಷ್ಟವೂ ಸತ್ಯವಾಗಿತ್ತು. ಅವರು ಬಡವರು, ಉಬ್ಬಸದ ರೋಗಿಗಳು. ವೇತನದಲ್ಲಿ ಸಂಸಾರ ತೂಗಿಸುವ ಉಪಾಧ್ಯಾಯನಿಗೆ ಈ ಜಗಳದಲ್ಲಿ ಒಂದೇ ಪಕ್ಷವನ್ನು ವಹಿಸುವುದು ಸುಲಭವಲ್ಲ. ೧೮೯೦ರಲ್ಲಿ ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿ ಪದವಿಯನ್ನು ಒಪ್ಪಿಕೊಂಡಾಗ ವಾದ ತುದಿಗೆ ಮುಟ್ಟಿತು. ಅದೇ ವರ್ಷ ತಿಲಕರು ರಾಜೀನಾಮೆ ಕೊಟ್ಟರು. ಸಂಸ್ಥೆಯ ಆದರ್ಶವನ್ನೂ ತಮ್ಮ ವೇದನೆಯನ್ನೂ ವಿವರಿಸಿ ಅವರು ಬರೆದ ದೀರ್ಘ ಪತ್ರ ಒಂದು ಚಿಕ್ಕ ಪುಸ್ತಕದಷ್ಟಿದೆ. ತಮ್ಮ ಕೈಯಿಂದ ಕಟ್ಟಿದ ಶಾಲೆಯ ಹೊಸ್ತಿಲನ್ನು ದಾಟಿ ಅವರು ಹೊರಗೆ ಬಂದಾಗ ವಯಸ್ಸು ಮೂವತ್ತನಾಲ್ಕು.

ಈಗ ಅವರ ಬಳಿ ಉಳಿದುದು ಪತ್ರಿಕೆಗಳು ಮಾತ್ರ. ೧೮೯೧ರಲ್ಲಿ ಪಾಲುದಾರಿಕೆ ಒಡೆದಾಗ ಮುದ್ರಣಾಲಯ ಬೇರೆಯವರ ಪಾಲಾಯಿತು. ಸಾಲದ ಹೊರೆಯೊಡನೆ ಕೇಸರಿ, ಮರಾಠಾ ಎರಡೂ ತಿಲಕರ ಪಾಲಿಗೆ ಬಂದವು. ಹೊಟ್ಟೆಯ ಪಾಡಿಗೆ ಅವರು ಕಾಯದೆಯ ವರ್ಗಗಳನ್ನು ನಡೆಸಿದರು. ಕೆಲವರೊಡನೆ ಕೂಡಿ ಲಾತೂರಿನಲ್ಲಿ ಅರಳೆಯ ಗಿರಣಿಯನ್ನೂ ಹಾಕಿದರು. ಆದರೆ ಮನಸ್ಸಿನ ಉಪಾಧ್ಯಾಯನು ಹೋಗಲಿಲ್ಲ. ಲೆಕ್ಕವನ್ನು ಬಿಡಿಸುವಂತೆ ಒಂದು ವಿಷಯವನ್ನೆತ್ತಿ, ಅದರ ಅಂಗಾಂಗಗಳನ್ನು ಬಿಡಿಸಿ, ವಾಚಕನ ಕೈಹಿಡಿದು ಸಿದ್ಧಾಂತಕ್ಕೆ ತಂದು ನಿಲ್ಲಿಸುವುದು ಅವರ ಬರವಣಿಗೆಯ ಕ್ರಮ. ಅಲಂಕಾರ ಕಡಿಮೆ, ಗಾದೆಯ ಮಾತು ಹೆಚ್ಚು, ಪ್ರಮಾಣ ಗಟ್ಟಿ.

ಅವರ ಎಲ್ಲ ನಿಲುವುಗಳನ್ನೂ ಇಂದು ನಾವು ಒಪ್ಪಬೇಕಾಗಿಲ್ಲ. ೧೮೮೪ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ತೆರೆದಾಗ ಅಲ್ಲಿಯ ಪಾಠಕ್ರಮವನ್ನು ಅವರ ಬಳಗದ ಮರಾಠಾ ಪತ್ರಿಕೆ ವಿರೋಧಿಸಿತು. ೧೮೯೧ರಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯದೆಯನ್ನು ಅವರು ಪ್ರತಿಭಟಿಸಿದರು. ಈ ಎರಡು ವಿಷಯಗಳಲ್ಲಿಯೂ ಕಾಲವು ಆಗರಕರರ ಪಕ್ಷವನ್ನು ಎತ್ತಿಹಿಡಿದಿದೆ. ಹಿರಿಯರ ಚರಿತ್ರೆಯನ್ನು ಬರೆಯುವವನು ಇದನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಅದು ಚರಿತ್ರೆಯಾಗದೆ ಸ್ತೋತ್ರವಾಗುತ್ತದೆ.

೧೮೯೩ರಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ಪತ್ರಿಕಾಕರ್ತರು ಜನನಾಯಕರಾದರು. ಮನೆಯೊಳಗಿನ ಗಣೇಶನನ್ನು ಬೀದಿಗೆ ತಂದು ಸಾರ್ವಜನಿಕ ಉತ್ಸವಕ್ಕೆ ಬಲ ತುಂಬಿದರು; ೧೮೯೫ರಲ್ಲಿ ರಾಯಗಡದ ಶಿವಾಜಿಯ ಸಮಾಧಿಯ ಜೀರ್ಣೋದ್ಧಾರಕ್ಕೆ ಕೇಸರಿಯ ಮೂಲಕ ಜನರಿಂದ ವಂತಿಗೆ ಕೂಡಿಸಿದರು. ಅದೇ ವರ್ಷ ಮಧ್ಯವಿಭಾಗದ ಲೋಕಲ್ ಬೋರ್ಡುಗಳ ಪ್ರತಿನಿಧಿಯಾಗಿ ಮುಂಬಯಿ ಕಾಯದೆ ಕೌನ್ಸಿಲಿಗೆ ಆರಿಸಿಬಂದರು. ನಮ್ಮ ಸೊಲ್ಲಾಪುರ ಜಿಲ್ಲೆಯೂ ಆ ವಿಭಾಗಕ್ಕೆ ಸೇರಿದ್ದಿತು ಎಂಬುದು ನಮಗೆ ನೆನಪಿರಬೇಕಾದ ಮಾತು.

ಅದೇ ೧೮೯೫ರ ಜೂನ್ ೧೭ರಂದು ಆಗರಕರರು ತೀರಿಕೊಂಡರು. ಮೂವತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಎಂಟು ವರ್ಷ ವಾದಿಸಿದ ಎದುರಾಳಿಯನ್ನು ಕುರಿತು ತಿಲಕರು ಕೇಸರಿಯಲ್ಲಿ ಮೃತ್ಯುಲೇಖವನ್ನು ಬರೆದರು. ಅದರಲ್ಲಿ ವಾದದ ಕಹಿಯಿಲ್ಲ. ಡೆಕ್ಕನ್ ಕಾಲೇಜಿನ ದಿನಗಳ ಗೆಳೆಯನನ್ನು ಕಳೆದುಕೊಂಡ ದುಃಖ ಮಾತ್ರವಿದೆ.

೧೮೯೬ರಲ್ಲಿ ಕ್ಷಾಮ ತಲೆದೋರಿತು. ಸರಕಾರದ ಕ್ಷಾಮ ಸಂಹಿತೆಯಲ್ಲಿ ರೈತನಿಗೆ ಏನೇನು ಹಕ್ಕುಗಳಿವೆಯೆಂಬುದು ಇಂಗ್ಲಿಷಿನ ಪುಟಗಳಲ್ಲಿ ಮಲಗಿತ್ತು. ತಿಲಕರು ಅದನ್ನು ಮರಾಠಿಯಲ್ಲಿ ತಿಳಿಯಪಡಿಸಿದರು. ಸಾರ್ವಜನಿಕ ಸಭೆಯ ಕಾರ್ಯಕರ್ತರನ್ನು ಹಳ್ಳಿಹಳ್ಳಿಗೆ ಕಳಿಸಿ, ಬೆಳೆ ಹೋದವನು ತೆರಿಗೆಗಾಗಿ ಸಾಲ ಮಾಡಬೇಕಾಗಿಲ್ಲವೆಂದು ಸಾರಿದರು. ಸೊಲ್ಲಾಪುರದ ನೇಕಾರರ ಮಗ್ಗಗಳು ನಿಂತು ಅವರು ಹಸಿವಿಗೆ ಸಿಕ್ಕಾಗ ತಿಲಕರು ಸ್ವತಃ ಇಲ್ಲಿಗೆ ಬಂದು, ಊರಿನ ಪ್ರಮುಖರೊಡನೆ ಆಲೋಚಿಸಿ, ನೇಕಾರರಿಗೆ ಅವರ ಕಸಬಿನಲ್ಲಿಯೇ ಕೆಲಸ ಕೊಡಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಸರಕಾರ ಅದನ್ನು ಒಪ್ಪಲಿಲ್ಲ. ಒಪ್ಪದಿದ್ದರೂ, ಕಾಯದೆಯೆಂಬುದು ಸಾಮಾನ್ಯನು ಓದಿ ಪ್ರಶ್ನಿಸಬಹುದಾದ ಬರಹ ಎಂಬ ಪಾಠವನ್ನು ಜನ ಕಲಿತರು. ಶಾಲೆಯನ್ನು ಬಿಟ್ಟ ಉಪಾಧ್ಯಾಯನ ಅತಿ ದೊಡ್ಡ ತರಗತಿ ಅದು.

೧೮೯೭ರಲ್ಲಿ ಪುಣೆಗೆ ಪ್ಲೇಗು ಬಂದಿತು. ಅನೇಕ ಮುಖಂಡರು ಊರು ಬಿಟ್ಟರೂ ತಿಲಕರು ಅಲ್ಲಿಯೇ ನಿಂತು ಆಸ್ಪತ್ರೆಯ ವ್ಯವಸ್ಥೆಗೆ ದುಡಿದರು. ಸೈನಿಕರು ಮನೆ ಹೊಕ್ಕು ನಡೆಸಿದ ದಬ್ಬಾಳಿಕೆಯನ್ನು ಖಂಡಿಸಿದರು. ಜೂನ್ ೨೨ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಸಾಹೇಬರ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಸರಕಾರದ ಸಿಟ್ಟು ಕೇಸರಿಯ ಮೇಲೆ ತಿರುಗಿತು. ಜುಲೈ ೨೭ರಂದು ತಿಲಕರ ಬಂಧನವಾಯಿತು. ಒಂಬತ್ತು ಜನ ಜ್ಯೂರಿಗಳಲ್ಲಿ ಆರು ಜನ ಯುರೋಪಿಯನರು ದೋಷಿಯೆಂದರು, ಮೂವರು ಭಾರತೀಯರು ನಿರ್ದೋಷಿಯೆಂದರು. ಸೆಪ್ಟೆಂಬರ ೧೪ರಂದು ರಾಜದ್ರೋಹಕ್ಕಾಗಿ ಹದಿನೆಂಟು ತಿಂಗಳ ಸಶ್ರಮ ಶಿಕ್ಷೆ ವಿಧಿಸಲಾಯಿತು. ಮ್ಯಾಕ್ಸ್ ಮುಲ್ಲರರೇ ಮೊದಲಾದ ವಿದ್ವಾಂಸರು ಅವರ ಪರವಾಗಿ ಮನವಿ ಸಲ್ಲಿಸಿದರು; ೧೮೯೮ರ ಸೆಪ್ಟೆಂಬರ ೬ರಂದು ಅವಧಿಗೆ ಮೊದಲೇ ಬಿಡುಗಡೆಯಾಯಿತು. ಒಳಗೆ ಹೋದವರು ಪುಣೆಯ ಒಬ್ಬ ಸಂಪಾದಕರು. ಹೊರಗೆ ಬಂದವರು ಭಾರತದ ನಾಯಕರು. ಅಲ್ಲಿಂದ ಮುಂದಿನ ಮಂಡಾಲೆಯ ಆರು ವರ್ಷ, ಗೀತಾರಹಸ್ಯ, ೧೯೨೦ರ ಆಗಸ್ಟ್ ೧ರಂದು ಮುಂಬಯಿಯಲ್ಲಿ ಆದ ಅವಸಾನ ಇವೆಲ್ಲ ಲೋಕವಿದಿತ.

ಅವರ ಪ್ರಭಾವಕ್ಕೆ ಭಾಷೆಯ ಗಡಿ ಅಡ್ಡಬರಲಿಲ್ಲ. ಅವರು ಕಟ್ಟಿದ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು ಕನ್ನಡನಾಡಿನ ಏಕೀಕರಣಕ್ಕೆ ಬಾಳನ್ನು ತೆತ್ತರು. ಗೀತಾರಹಸ್ಯವನ್ನು ಕನ್ನಡಿಸಿದವರೂ ಅವರೇ. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ತಿಲಕರ ನಿಷ್ಠ ಅನುಯಾಯಿಗಳಾಗಿದ್ದರು. ೧೯೧೬ರಲ್ಲಿ ತಿಲಕರ ಹೋಮ್ ರೂಲ್ ಲೀಗು ಹುಟ್ಟಿದ್ದು ಬೆಳಗಾವಿಯಲ್ಲಿ. ಮರಾಠಿಯನ್ನು ಬೆಳೆಸಿದ ಕೈಯಿಂದ ದೀಪ ಹೊತ್ತಿಸಿಕೊಂಡು ಬಂದು ನಮ್ಮ ಹಿರಿಯರು ಕನ್ನಡದ ಮನೆಯನ್ನು ಬೆಳಗಿದರು.

ಗಡಿಯಲ್ಲಿ ಕುಳಿತು ಕನ್ನಡವನ್ನು ಕಲಿಸುವ ನನ್ನಂಥವನಿಗೆ ಈ ಚರಿತ್ರೆ ಎರಡು ಮಾತುಗಳನ್ನು ಹೇಳುತ್ತದೆ. ನೆರೆಯವರ ಭಾಷೆಯನ್ನು ದ್ವೇಷಿಸಿ ನಮ್ಮ ಭಾಷೆ ಉಳಿಯುವುದಿಲ್ಲ. ಅವರು ತಮ್ಮ ನುಡಿಗಾಗಿ ಮಾಡಿದಷ್ಟು ತ್ಯಾಗವನ್ನು ನಾವು ನಮ್ಮ ನುಡಿಗಾಗಿ ಮಾಡಿದರೆ ಉಳಿಯುತ್ತದೆ. ಇದು ಮೊದಲನೆಯದು. ಶಾಲೆಯೂ ಪತ್ರಿಕೆಯೂ ಒಂದೇ ಕಾರ್ಯದ ಎರಡು ಕೈಗಳು. ಒಂದು ಸೋತಾಗ ಇನ್ನೊಂದು ದುಡಿಯಬೇಕು. ಇದು ಎರಡನೆಯದು. ನಮ್ಮ ಕನ್ನಡ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿರುವ ಈ ದಿನಗಳಲ್ಲಿ, ಶಾಲೆಯ ಹೊರಗಿರುವ ಕನ್ನಡಿಗರನ್ನು ಮುಟ್ಟುವ ಹೊಣೆ ಸಂಘದ ಮೇಲೆಯೂ ಇಂಥ ಸಂಚಿಕೆಗಳ ಮೇಲೆಯೂ ಬಿದ್ದಿದೆ. ಈ ಸಂಚಿಕೆಯನ್ನು ಓದಿದವರು ಓದುಬಾರದ ಮನೆಯ ಹಿರಿಯರಿಗೂ, ಮರಾಠಿ ಶಾಲೆಗೆ ಹೋಗುವ ನೆರೆಮನೆಯ ಕನ್ನಡ ಮಗುವಿಗೂ ಒಂದೆರಡು ಪುಟಗಳನ್ನು ಓದಿ ಹೇಳಲಿ. ಚಾವಡಿಯಲ್ಲಿ ಕುಳಿತು ಕೇಸರಿಯನ್ನು ಓದಿ ಹೇಳಿದ ಆ ಹೆಸರಿಲ್ಲದ ಓದುಗನ ಕೆಲಸ ನಮ್ಮಲ್ಲಿ ಒಬ್ಬೊಬ್ಬರಿಗೂ ಸಾಧ್ಯವಾದುದು.